ತಲೆಬಿಸಿ ಇಳಿಸಲು ಏಳು ದಾರಿ ನೋಡಿದೆ, ಗೆದ್ದದ್ದು ಅವರೆಕಾಯಿ

ನನ್ನದು ಮೈಸೂರಿನ ಒಂದು ಸಹಕಾರ ಸಂಘದಲ್ಲಿ ಕ್ಯಾಶ್ ಕೌಂಟರ್ ಕೆಲಸ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಗಾಜಿನ ಹಿಂದೆ ಕೂತು ಬೇರೆಯವರ ದುಡ್ಡು ಎಣಿಸಬೇಕು. ನೂರು ರೂಪಾಯಿ ಹೆಚ್ಚುಕಮ್ಮಿ ಬಂದರೂ ಇಡೀ ದಿನದ ಚೀಟಿಗಳನ್ನು ಮತ್ತೆ ತಿರುವಿ ಹಾಕಬೇಕು. ಮನೆ ಸೇರುವಷ್ಟರಲ್ಲಿ ಹೆಗಲೆರಡೂ ಕಲ್ಲಾಗಿರುತ್ತವೆ.

ಕಳೆದ ನವೆಂಬರ್‌ನಲ್ಲಿ ಒಂದು ರಾತ್ರಿ ಏಳನೇ ಕ್ಲಾಸಿನ ಮಗಳು ಲೆಕ್ಕದ ಪುಸ್ತಕ ಹಿಡಿದು ಬಂದಳು. ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. "ಅಮ್ಮಾ, ಇವತ್ತು ಕೇಳ್ಬೋದಾ, ಇಲ್ಲಾ ನಾಳೆ ಕೇಳ್ಲಾ?" ಅಂದಳು. ಮಳೆ ಬರುತ್ತಾ ಅಂತ ಮೋಡ ನೋಡುವ ಹಾಗೆ ನೋಡಿದ್ದಳು. ಅದು ಎದೆಗೆ ಚುಚ್ಚಿತು.

ಮಾರನೇ ದಿನದಿಂದ ಪರೀಕ್ಷೆ ಶುರು. ಸಂಜೆಯ ತಲೆಬಿಸಿ ಇಳಿಸಲು ಜನ ಏನೇನು ಹೇಳುತ್ತಾರೋ ಒಂದೊಂದನ್ನೂ ಮಾಡಿ ನೋಡುವುದು. ದಿನವೂ ಮಾಡಬಹುದಾದ್ದಕ್ಕೆ ಒಂದೊಂದು ವಾರ, ಉಳಿದದ್ದಕ್ಕೆ ಭಾನುವಾರ. ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುವವಳು ಮಗಳು. ರಾತ್ರಿ ಎಂಟಕ್ಕೆ ಅವಳು ಲೆಕ್ಕ ಕೇಳಿದಾಗ ನಾನು ಹೇಗೆ ಮಾತಾಡಿದೆ ಅನ್ನುವುದೊಂದೇ ಅಳತೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅಂಕ ಬರೆದಳು. ನನಗೆ "ಹಾಯಾಗಿತ್ತು" ಅನ್ನಿಸಿದ ಎಷ್ಟೋ ದಿನ ಅವಳ ಅಂಕ ನಾಲ್ಕು ದಾಟಿರಲಿಲ್ಲ. ಮೊದಲ ಪಾಠ ಅಲ್ಲೇ ಆಯಿತು.

ಉದಾಹರಣೆಗೆ ಫೋನು. ಸೋಫಾ ಮೇಲೆ ಕಾಲು ಚಾಚಿ ಹತ್ತು ನಿಮಿಷ ರೀಲ್ಸ್ ನೋಡೋಣ ಅಂತ ಕೂರುತ್ತಿದ್ದೆ. ಏಳುವಾಗ ಮುಕ್ಕಾಲು ಗಂಟೆ ಮೇಲಾಗಿರುತ್ತಿತ್ತು. ನೋಡುವಾಗ ಸುಖವೇ, ಇಲ್ಲ ಅನ್ನುವುದಿಲ್ಲ. ಆದರೆ ಯಾರಾದರೂ ಆ ಹೊತ್ತಲ್ಲಿ ಕರೆದರೆ ನಿದ್ದೆಯಿಂದ ಎಬ್ಬಿಸಿದಷ್ಟು ಸಿಟ್ಟು ಬರುತ್ತಿತ್ತು. ವಾರದ ಸರಾಸರಿ ಮೂರು.

ಟೀ, ಬೋಂಡಾ, ಸಹೋದ್ಯೋಗಿಗಳ ಜೊತೆ ಹರಟೆ ಇನ್ನೊಂದು ವಾರ. ನಗು ಬರುತ್ತದೆ, ಬೋಂಡಾ ಚೆನ್ನಾಗಿರುತ್ತದೆ. ಆದರೆ ಮಾತು ಎಲ್ಲಿಂದ ಶುರುವಾದರೂ ಮ್ಯಾನೇಜರ್ ಹತ್ತಿರವೇ ಹೋಗಿ ನಿಲ್ಲುತ್ತಿತ್ತು. ಆಫೀಸನ್ನು ಮರೆಯಲು ಹೋಗಿ ಇನ್ನೊಂದು ಗಂಟೆ ಆಫೀಸಿನಲ್ಲೇ ಇದ್ದ ಹಾಗಾಯಿತು. ಜೊತೆಗೆ ಕಾಫಿ, ಟೀ ಏನೇ ಆಗಲಿ, ಒಳಗೆ ಹೋದ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಆರಕ್ಕೆ ಕುಡಿದದ್ದರ ಅರ್ಧ ಹನ್ನೊಂದಕ್ಕೂ ಒಳಗೇ ಇರುತ್ತದೆ. ನನ್ನಂಥ ನಿದ್ದೆಗೇಡಿಗೆ ಇದು ಆಗಿಬರಲಿಲ್ಲ. ಐದು ಅಂಕ. ಬೋಂಡಾ ಕಟ್ಟಿಸಿಕೊಂಡು ಬಂದ ದಿನ ಮಾತ್ರ ಆರು.

ಇನ್ನು ನಡಿಗೆ. ಕುಕ್ಕರಹಳ್ಳಿ ಕೆರೆ ಏರಿ ಒಂದು ಕಡೆ, ಚಾಮುಂಡಿ ಬೆಟ್ಟದ ಮೆಟ್ಟಿಲು ಇನ್ನೊಂದು ಕಡೆ. ಮೈಸೂರಿನವರಲ್ಲಿ ಈ ಎರಡು ಪಕ್ಷದವರು ಇದ್ದಾರೆ. ಒಬ್ಬರು ಇನ್ನೊಬ್ಬರನ್ನು ಒಪ್ಪುವುದಿಲ್ಲ.

ಕೆರೆ ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರು, 1864ರಲ್ಲಿ, ಹೊಲಗದ್ದೆಗೆ ನೀರಾಗಲಿ ಅಂತ. ಕುವೆಂಪು ಇಲ್ಲೇ ವಾಕ್ ಮಾಡುತ್ತಿದ್ದರು ಅಂತ ಇಲ್ಲಿ ನಡೆಯುವ ಪ್ರತಿಯೊಬ್ಬರೂ ಒಮ್ಮೆಯಾದರೂ ಹೇಳುತ್ತಾರೆ. ನಾನೂ ಹೇಳಿದೆ ನೋಡಿ. ಕೆಲಸ ಬಿಟ್ಟು ಐದೂಕಾಲಿಗೆ ಅಲ್ಲಿರುತ್ತಿದ್ದೆ. ಡಿಸೆಂಬರ್‌ನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹಾಗಾಗಿ ಸಿಗುವುದು ಮುಕ್ಕಾಲು ಗಂಟೆ ಬೆಳಕು.

ಮೊದಲ ಎರಡು ದಿನ ಸಹೋದ್ಯೋಗಿಯ ಜೊತೆ ಹೋದೆ. ಟೀ ಅಂಗಡಿಯ ಮಾತೇ ಕಾಲು ಕಟ್ಟಿಕೊಂಡು ಬಂದಿತ್ತು. ಅಂಕವೂ ಅದೇ ಐದು. ಮೂರನೇ ದಿನ ಒಬ್ಬಳೇ ಹೋದೆ, ಫೋನು ಚೀಲದ ತಳಕ್ಕೆ ಹಾಕಿದೆ. ಮೊದಲ ಕಾಲು ಗಂಟೆ ತಲೆಯಲ್ಲಿ ಅದೇ ಜಗಳ. ಆ ಗಿರಾಕಿಗೆ ಹೀಗನ್ನಬೇಕಿತ್ತು, ಹಾಗನ್ನಬೇಕಿತ್ತು ಅಂತ. ಆಮೇಲೆ ಒಂದು ತಿರುವಿನಲ್ಲಿ ಮರದ ಮೇಲೆ ಹೆಜ್ಜಾರ್ಲೆ ಬಂದು ಇಳಿಯಿತು. ಅಷ್ಟು ದೊಡ್ಡ ಹಕ್ಕಿ, ಅಷ್ಟು ಸಣ್ಣ ಕೊಂಬೆ. ಕೊಂಬೆ ತೂಗಿತು, ಹಕ್ಕಿ ರೆಕ್ಕೆ ಬಡಿದು ಸರಿಮಾಡಿಕೊಂಡಿತು. ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಒಣಗಿಸುತ್ತಾ ಕೂತಿತ್ತು. ನೋಡುತ್ತಾ ನಿಂತವಳಿಗೆ ಗಿರಾಕಿ ಮರೆತೇ ಹೋದ. ಆ ರಾತ್ರಿ ಎಂಟು ಅಂಕ ಬಂತು. ಒಬ್ಬಳೇ ಹೋದ ದಿನಗಳಲ್ಲಿ ಏಳಕ್ಕಿಂತ ಕೆಳಗೆ ಇಳಿಯಲೇ ಇಲ್ಲ.

ಬೆಟ್ಟದ ಕಥೆ ಬೇರೆ. ಸಾವಿರ ಮೆಟ್ಟಿಲು, 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದ್ದು. ಏಳುನೂರರ ಹತ್ತಿರದ ನಂದಿಯೂ ಅವರ ಕಾಲದ್ದೇ. ಭಾನುವಾರ ಬೆಳಗ್ಗೆ ಆರಕ್ಕೆ ಹತ್ತಲು ಶುರುಮಾಡಿದೆ. ನನ್ನ ಮುಂದೆ ಒಬ್ಬಾಕೆ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ಸಾವಿರ ಸಲ ಬಗ್ಗುವುದು! ನಾನು ಸುಮ್ನೆ ಹತ್ತುವುದಕ್ಕೇ ಏದುಸಿರು ಬಿಡುತ್ತಿದ್ದೆ. ಇನ್ನೂರು ಮೆಟ್ಟಿಲಾದ ಮೇಲೆ ಯೋಚನೆ ಮಾಡಲು ಉಸಿರೇ ಉಳಿಯುವುದಿಲ್ಲ. ಅದೇ ಅದರ ಗುಣ. ಕೆರೆ ಸಿಟ್ಟನ್ನು ಮರೆಸುತ್ತದೆ, ಬೆಟ್ಟ ಸಿಟ್ಟನ್ನು ಸುಟ್ಟೇಬಿಡುತ್ತದೆ. ಆ ದಿನ ಒಂಬತ್ತು ಅಂಕ. ಆದರೆ ಇಳಿದದ್ದೂ ಮೆಟ್ಟಿಲಲ್ಲೇ ಅಲ್ವಾ? ಸೋಮವಾರ ಕೌಂಟರಿನಲ್ಲಿ ಮಂಡಿ ಮಡಚಲಾಗದೆ ಮುಖ ಗಂಟಿಕ್ಕಿಕೊಂಡೇ ಇದ್ದೆ. ಸೋಮವಾರ ರಾತ್ರಿ ನಾಲ್ಕು. ನನ್ನ ವಯಸ್ಸಿನವರು ಹತ್ತಿ ಹೋಗಿ, ಬಸ್ಸಿನಲ್ಲಿ ಇಳಿದು ಬನ್ನಿ.

ಇವೆರಡಕ್ಕೂ ಹೊರಗೆ ಹೋಗಲೇಬೇಕು. ಕೂತಲ್ಲೇ ಮಾಡುವಂಥದ್ದು ಅಂದರೆ ಉಸಿರಾಟ. ಮೈಸೂರಿನವಳಾಗಿ ಇದನ್ನು ಹೇಳಲು ನಾಚಿಕೆ. ನಾಲ್ವಡಿಯವರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗ ಕಲಿಸಿದ ಊರಿದು. ಈಗಲೂ ಗೋಕುಲಂನಲ್ಲಿ ವಿದೇಶದವರು ಚಾಪೆ ಸುತ್ತಿ ಹೆಗಲಿಗೇರಿಸಿಕೊಂಡು ಓಡಾಡುತ್ತಾರೆ. ನಾನು ಮಾತ್ರ ನಲವತ್ಮೂರು ವರ್ಷ ಮೂಗಿನ ಹೊಳ್ಳೆ ಮುಟ್ಟಿಕೊಂಡವಳಲ್ಲ.

ಶುರುವಿನಲ್ಲಿ ತಪ್ಪು ಮಾಡಿದೆ. ಜೋರಾಗಿ, ಬೇಗ ಬೇಗ ಉಸಿರೆಳೆದರೆ ಬೇಗ ಗುಣ ಅಂದುಕೊಂಡೆ. ಎರಡೇ ನಿಮಿಷಕ್ಕೆ ತಲೆ ಸುತ್ತಿತು, ಬೆರಳ ತುದಿ ಜುಮ್ಮೆಂದಿತು. ಹಾಗೆ ಮಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗಿ ಹೀಗಾಗುತ್ತದೆ ಅಂತ ಆಮೇಲೆ ತಿಳಿಯಿತು. ಗುಟ್ಟು ಇರುವುದು ನಿಧಾನದಲ್ಲಿ, ಅದರಲ್ಲೂ ಉಸಿರು ಬಿಡುವುದರಲ್ಲಿ. ಉಸಿರು ಎಳೆದುಕೊಂಡಾಗ ಎದೆಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿ, ಎಷ್ಟೋ ಜನರಿಗೆ ಗೊತ್ತಾಗುತ್ತದೆ. ನಾಲ್ಕು ಎಣಿಸಿ ಎಳೆದುಕೊಂಡು, ಆರು ಎಣಿಸಿ ಬಿಟ್ಟರೆ ನಿಮಿಷಕ್ಕೆ ಆರು ಉಸಿರು. ಐದು ನಿಮಿಷ ಸಾಕು.

ಭ್ರಾಮರಿಯನ್ನೂ ಮಾಡಿದೆ. ಕಿವಿ ಮುಚ್ಚಿ ದುಂಬಿಯ ಹಾಗೆ ಗುಂಯ್ ಅನ್ನುವುದು. ಮಗಳು ಅಡುಗೆಮನೆಗೆ ಓಡಿಹೋಗಿ ವಾಪಸ್ ಬಂದು, "ಅಜ್ಜಿ ಚಟ್ನಿ ರುಬ್ತಿದಾರೆ ಅನ್ಕೊಂಡೆ" ಅಂದಳು. ನಗುವಿಗೇ ಅರ್ಧ ತಲೆಬಿಸಿ ಇಳಿಯಿತು.

ಅಂಕ ಏಳು. ನಡಿಗೆಗಿಂತ ಒಂದು ಕಮ್ಮಿ. ಆದರೆ ನಡಿಗೆಗೆ ಇಲ್ಲದ ಗುಣ ಇದಕ್ಕಿದೆ. ಕೌಂಟರಿನ ಮುಂದೆ ಒಬ್ಬರು ಕೂಗಾಡಿ ಹೋಗಿ, ಇನ್ನೊಬ್ಬರು ಬರುವ ನಡುವೆ ಮೂರು ಉಸಿರು ಬಿಡಬಹುದು. ಅವರಿಗೆ ಗೊತ್ತೂ ಆಗುವುದಿಲ್ಲ. ತಲೆಬಿಸಿ ಏರುವ ಮೊದಲೇ ತಡೆಯುವುದು ಈ ಏಳರಲ್ಲಿ ಇದೊಂದೇ.

ಭಾನುವಾರದ ಎಣ್ಣೆಸ್ನಾನಕ್ಕೆ ಅಂಕ ಕೊಡಲು ಮಗಳಿಗೂ ಕಷ್ಟವಾಯಿತು. ಅತ್ತೆ ಕೂರಿಸಿಕೊಂಡು ನೆತ್ತಿಗೆ ಹರಳೆಣ್ಣೆ ತಟ್ಟಿದರು. ಅರ್ಧ ಗಂಟೆ ನೆನೆದು, ಬಿಸಿ ಬಿಸಿ ನೀರು, ಸೀಗೆಪುಡಿ. ಹೊರಗೆ ಬಂದರೆ ಕಣ್ಣು ಎಳೆಯುತ್ತದೆ. ಬಿಸಿನೀರಿಗೆ ರಕ್ತ ಚರ್ಮದ ಕಡೆ ಬರುತ್ತದೆ, ಆಮೇಲೆ ಒಳಗಿನ ಶಾಖ ಹೊರಗೆ ಹೋಗಿ ಮೈ ತಣಿಯುತ್ತದೆ, ಮೈ ತಣಿದರೆ ನಿದ್ದೆ. ಮೂರು ಗಂಟೆ ಗೊರಕೆ ಹೊಡೆದೆನಂತೆ. ಸುಖದ ಲೆಕ್ಕದಲ್ಲಿ ಇದಕ್ಕೆ ಸಾಟಿ ಯಾವುದೂ ಇಲ್ಲ. ಆದರೆ ಎಣ್ಣೆ ಜಾರುವ ಬಚ್ಚಲು ಉಜ್ಜಿದವರು ಯಾರು? ಎಣ್ಣೆ ಹಿಡಿದ ದಿಂಬಿನ ಕವರ್ ಒಗೆದವರು? ಎಂಟು ಗಂಟೆಗೆ ನಾನು ಮತ್ತೆ ಹಳೇ ನಾನೇ. ಆರು ಅಂಕ. ಇದರ ಚಿಕ್ಕ ರೂಪ ಮಾತ್ರ ಉಳಿಸಿಕೊಂಡಿದ್ದೇನೆ. ಮಲಗುವ ಒಂದು ಗಂಟೆ ಮೊದಲು ಬಕೆಟ್ಟಿನಲ್ಲಿ ಬಿಸಿನೀರು, ಹತ್ತು ನಿಮಿಷ ಕಾಲು ಇಳಿಬಿಟ್ಟು ಕೂರುವುದು. ಒಗೆಯುವುದು ಏನೂ ಇಲ್ಲ.

ಅವರೆಕಾಯಿ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಏಳನೆಯದಾಗಿ ಬರೆದಿದ್ದು ರೇಡಿಯೊ. ಮೈಸೂರು ಆಕಾಶವಾಣಿ, ಎಫ್‌ಎಂ 100.6. "ಆಕಾಶವಾಣಿ" ಅನ್ನುವ ಹೆಸರೇ ಈ ಊರಿಂದ ಹೋದದ್ದು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು. ಮನಸ್ಸಿನ ಮೇಷ್ಟ್ರು ರೇಡಿಯೊ ಹಚ್ಚಿದ್ದು ಸುಮ್ನೆ ಅಲ್ಲ ಅಂತ ನನಗೆ ಆ ವಾರ ಅನ್ನಿಸಿತು.

ಮೊದಲ ಎರಡು ದಿನ ಬರೀ ಕೇಳುತ್ತಾ ಕೂತೆ. ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಮೂರನೇ ದಿನ ಅತ್ತೆ ನೆನೆಹಾಕಿದ ಅವರೆಕಾಳಿನ ಪಾತ್ರೆ ತಂದು ಮುಂದಿಟ್ಟರು. "ಖಾಲಿ ಕೂತಿದೀಯಲ್ಲ, ಇದನ್ನ ಹಿದುಕು" ಅಂದರು.

ಹಿದುಕಿದವರಿಗೆ ಗೊತ್ತು. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಜಾರಿ ಬೀಳುತ್ತದೆ. ಜೋರಾಗಿ ಒತ್ತಿದರೆ ಹಾರಿ ಟಿವಿ ಕೆಳಗೆ ಹೋಗುತ್ತದೆ. ಪ್ರತಿ ಕಾಳಿಗೂ ಒಂದು ಸಣ್ಣ ಗೆಲುವು. ಅವರೆ ಸೊಗಡು ಬೆರಳಿಗೆ ಹತ್ತುತ್ತದೆ. ಒದ್ದೆ ಕೈಯಲ್ಲಿ ಫೋನು ಮುಟ್ಟುವ ಹಾಗಿಲ್ಲ. ಪಕ್ಕದಲ್ಲಿ ರೇಡಿಯೊ ತನ್ನ ಪಾಡಿಗೆ ತಾನು ಹಾಡುತ್ತಿರುತ್ತದೆ. ಮುಂದಿನ ಹಾಡು ಯಾವುದು ಅಂತ ಆರಿಸುವ ತಾಪತ್ರಯ ನನಗಿಲ್ಲ.

ಅಲ್ಲಿ ಹೊಳೆಯಿತು. ದಿನವಿಡೀ ನಾನು ಮಾಡುವುದು ತೀರ್ಮಾನ. ಈ ಸಹಿ ಸರಿಯಾ, ಈ ನೋಟು ಅಸಲಾ, ಇವರಿಗೆ ಏನು ಉತ್ತರ ಕೊಡಲಿ. ಮನೆಗೆ ಬಂದು ಫೋನು ಹಿಡಿದರೂ ಅದೇ. ಇದು ನೋಡಲಾ, ಮುಂದೆ ತಳ್ಳಲಾ, ಲೈಕ್ ಒತ್ತಲಾ. ಸೋಫಾ ಮೇಲೆ ಮಲಗಿದ್ದರೂ ಕೌಂಟರ್ ಮುಚ್ಚಿರಲಿಲ್ಲ. ಅವರೆಕಾಳು ಏನನ್ನೂ ಕೇಳುವುದಿಲ್ಲ. ಕೆರೆ ಏರಿಯೂ ಕೇಳುವುದಿಲ್ಲ, ಏರಿ ಹೋದ ಕಡೆ ನಡೆದರಾಯಿತು.

"ನಮ್ ಕಾಲದಲ್ಲಿ ಇದಕ್ಕೆ ಸ್ಟ್ರೆಸ್ ಕಮ್ಮಿ ಮಾಡ್ಕೊಳೋದು ಅಂತಿರ್ಲಿಲ್ಲ, ಅಡುಗೆ ಕೆಲಸ ಅಂತಿದ್ವಿ" ಅಂದರು ಅತ್ತೆ. ಅವರ ಮಾತಲ್ಲಿ ಮುಳ್ಳೂ ಇದೆ. ಇದನ್ನೇ ಹತ್ತು ಜನರ ಮನೆಗೆ, ತಪ್ಪಿಸಿಕೊಳ್ಳುವ ಹಾಗಿಲ್ಲದೆ ಮಾಡುವಾಗ ಅವರಿಗೆ ಹಾಯಾಗಿತ್ತಾ? ಕೇಳಿದೆ. "ಹಾಯಂತೆ ಹಾಯಿ" ಅಂತ ಎದ್ದು ಹೋದರು.

ಆ ವಾರದ ಅಂಕ ಒಂಬತ್ತು. ಇಲ್ಲೊಂದು ಅಕ್ರಮ ನಡೆದಿದೆ, ಮುಚ್ಚಿಡುವುದಿಲ್ಲ. ನಾಲ್ಕನೇ ದಿನ ತೀರ್ಪು ಕೊಡುವವಳೇ ಬಂದು ಪಾತ್ರೆಗೆ ಕೈ ಹಾಕಿದಳು. ಭಿನ್ನರಾಶಿ ಲೆಕ್ಕವನ್ನು ಪುಸ್ತಕ ಬಿಟ್ಟು ಕಾಳಿನಲ್ಲೇ ಕೇಳಿದಳು. ಇಪ್ಪತ್ತನಾಲ್ಕರಲ್ಲಿ ಮೂರನೇ ಎರಡು ಎಷ್ಟು ಅಂತ ಎಣಿಸಿ ಗುಡ್ಡೆ ಹಾಕಿದಳು. ಅಂಕ ನನ್ನ ಮಾತಿಗೆ ಬಂತೋ, ರಾತ್ರಿಯ ಹಿದುಕಿದ ಬೇಳೆ ಸಾರಿಗೆ ಬಂತೋ, ಪ್ರಮಾಣ ಮಾಡಿ ಹೇಳಲಾರೆ.

ಈಗ ನನ್ನ ಪದ್ಧತಿ ಹೀಗಿದೆ. ಬೆಳಕಿರುವ ಸಂಜೆ, ಮನೆಯಲ್ಲಿ ಅವಸರವಿಲ್ಲದಿದ್ದರೆ ಕೆರೆ. ಇಲ್ಲದಿದ್ದರೆ ರೇಡಿಯೊ, ಜೊತೆಗೆ ಕೈಗೆ ಏನಾದರೂ ಕೆಲಸ. ಕೌಂಟರಿನಲ್ಲಿ ಉಸಿರು. ಬೆಟ್ಟ ತಿಂಗಳಿಗೊಂದು ಸಲ, ಅದೂ ಯಾರ ಮೇಲಾದರೂ ಕೆಂಡದಂಥ ಸಿಟ್ಟಿದ್ದರೆ ಮಾತ್ರ. ಫೋನು ಬಿಟ್ಟಿದ್ದೇನೆ ಅಂದರೆ ಸುಳ್ಳಾಗುತ್ತದೆ, ಊಟ ಆದಮೇಲೆ ನೋಡುತ್ತೇನೆ.

ಮಾರ್ಚ್ ಕೊನೆಯಲ್ಲಿ ವರ್ಷದ ಲೆಕ್ಕ ಮುಗಿಸುವಾಗ ಇವು ಯಾವುವೂ ನಡೆಯಲಿಲ್ಲ ಅನ್ನುವುದನ್ನೂ ಬರೆದಿಡಬೇಕು. ಎರಡು ವಾರ ರಾತ್ರಿ ಎರಡಕ್ಕೆ ಎಚ್ಚರ, ಎದೆ ಡವಡವ, ಊಟ ಸೇರದು. ಅಂಥ ಹೊತ್ತಲ್ಲಿ ಹೆಜ್ಜಾರ್ಲೆ ನೋಡಿ ಅನ್ನುವುದು ತಮಾಷೆಯಾಗುತ್ತದೆ. ನಾನು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ಡಾಕ್ಟರನ್ನೂ ಕಂಡೆ. ಇದು ಪಟ್ಟಿಯ ಎಂಟನೆಯದಲ್ಲ. ಇದಕ್ಕೆ ಅಂಕ ಕೊಡಬೇಡ ಅಂತ ಮಗಳಿಗೆ ಹೇಳಿದೆ.

ಸಂಕ್ರಾಂತಿ ಕಳೆಯುತ್ತಿದ್ದ ಹಾಗೆ ಅವರೆ ಮುಗಿಯುತ್ತಾ ಬಂದಿತ್ತು. ಬದಲಿ ಹುಡುಕಿದ್ದೇನೆ. ಕೊತ್ತಂಬರಿ ಬಿಡಿಸುವುದು ಬೇಗ ಮುಗಿದುಹೋಗುತ್ತದೆ, ಹಾಡು ಒಂದೂ ಪೂರ್ತಿ ಆಗಿರುವುದಿಲ್ಲ. ಬೆಳ್ಳುಳ್ಳಿ ಸುಲಿದರೆ ಉಗುರು ಉರಿಯುತ್ತದೆ. ಸದ್ಯಕ್ಕೆ ಗೆಲ್ಲುತ್ತಿರುವುದು ನುಗ್ಗೆ ಸೊಪ್ಪು. ಒಂದು ಕಟ್ಟು ಬಿಡಿಸಲು ಸರಿಯಾಗಿ ನಲವತ್ತು ನಿಮಿಷ ಬೇಕು. ಮಗಳಿಗೆ ಮಾತ್ರ ನುಗ್ಗೆ ಸೊಪ್ಪಿನ ಸಾರು ಸೇರುವುದಿಲ್ಲ. ನಿನ್ನೆ ಆರು ಕೊಟ್ಟಿದ್ದಾಳೆ.