ಮುಂದಿನ ಬ್ಯಾಟ್‌ಮನ್‌ಗೆ ಈ ಪರದೆ ಸಾಲದು

ಮುಂಬಯಿಯ ಮಾಟುಂಗಾದ ನಮ್ಮ ಮನೆಗೆ ಹತ್ತಿರದ ಮಲ್ಟಿಪ್ಲೆಕ್ಸಿನಲ್ಲಿ 2022ರ ಮಾರ್ಚ್‌ನಲ್ಲಿ ‘ದಿ ಬ್ಯಾಟ್‌ಮನ್’ ನೋಡಿದೆ. ಆಸನಗಳು ಚೆನ್ನಾಗಿದ್ದವು, ಧ್ವನಿಯಂತೂ ಸಂಗೀತ ನಿರ್ದೇಶಕ ಮೈಕೆಲ್ ಜಿಯಾಕಿನೊ ಅವರ, ಬ್ಯಾಟ್‌ಮನ್‌ನ ಗುರುತಾದ ಆ ನಾಲ್ಕು ಸ್ವರಗಳನ್ನು ಎದೆಗೇ ಮುಟ್ಟಿಸಿತು. ಆದರೆ ಪ್ರೊಜೆಕ್ಟರಿನ ಬೆಳಕು ಮಂಕಾಗಿದ್ದುದರಿಂದ, ಬಹುಪಾಲು ಕತ್ತಲಲ್ಲೇ ನಡೆಯುವ, ಸುಮಾರು ಮೂರು ಗಂಟೆಯ ಆ ಚಿತ್ರದಲ್ಲಿ ನೆರಳಿನೊಳಗಿನ ವಿವರಗಳೆಲ್ಲ ಕಲಸಿಹೋಗಿ, ಮಳೆಯಲ್ಲಿ ಕಾರುಗಳು ಬೆನ್ನಟ್ಟುವ ದೃಶ್ಯದಲ್ಲಿ ಯಾರು ಎಲ್ಲಿದ್ದಾರೆಂಬುದೇ ತಿಳಿಯಲಿಲ್ಲ.

ಮುಂದಿನ ಭಾಗವನ್ನು 2027ರ ಅಕ್ಟೋಬರ್‌ಗೆ ಘೋಷಿಸಲಾಗಿದೆ. ಮೊದಲ ಚಿತ್ರದ ಕೊನೆಗೆ ನೀರಲ್ಲಿ ಮುಳುಗಿದ ಗಾಥಮ್ ನಗರದಲ್ಲಿ (ಮುಂಬಯಿಯ ಮಳೆ ಕಂಡವರಿಗೆ ಆ ನೋಟ ಬಹಳ ಹತ್ತಿರದ್ದು) ಸೇಡನ್ನು ಬಿಟ್ಟು ಜನರ ಕೈಹಿಡಿಯಲು ಕಲಿತ ಬ್ರೂಸ್ ವೇಯ್ನ್‌ನನ್ನು, ಅಂದರೆ ಬ್ಯಾಟ್‌ಮನ್‌ನನ್ನು, ನಿರ್ದೇಶಕ ಮ್ಯಾಟ್ ರೀವ್ಸ್ ಹೇಗೆ ಬೆಳೆಸುತ್ತಾರೆಂಬ ಕಾತರ ನನಗಿದೆ. ಐದು ವರ್ಷಗಳ ಅಂತರದಲ್ಲಿ ಪತ್ತೇದಾರಿ ಕಥೆಯ ಆ ನಿಧಾನದ ಬಿಗಿ ಸಡಿಲವಾದೀತೆಂಬ ಅಳುಕೂ ಇದೆ. ಪ್ರೊಜೆಕ್ಟರಿನ ದೀಪ ಬದಲಾಗದಿದ್ದರೆ ಅದನ್ನು ಇಲ್ಲಿ ನೋಡಲಾರೆ.