ಕಾಲಿಗೆ ಬಿಗಿಯೋ, ಹೊಟ್ಟೆಗೆ ಬಿಗಿಯೋ: ಐದು ಉಡುಪುಗಳ ಹೋಲಿಕೆ

ಡೊಂಬಿವಲಿಯಿಂದ ಬೆಳಿಗ್ಗೆ ಹೊರಡುವ ಲೋಕಲ್ ಗಾಡಿಯ ಮಹಿಳಾ ಡಬ್ಬಿಯಲ್ಲಿ ಕೂರಲು ಜಾಗ ಸಿಗುವುದು ಅಪರೂಪ. ಮಾಟುಂಗದ ಶಾಲೆಯಲ್ಲಿ ಪಾಠ ಹೇಳುವುದಂತೂ ನಿಂತುಕೊಂಡೇ. ಹಾಗಾಗಿ, ಎದ್ದು ನಿಂತ ಸ್ವಲ್ಪ ಹೊತ್ತಿಗೆಲ್ಲ ಕಣ್ಣು ಕತ್ತಲಿಟ್ಟು, ಕುತ್ತಿಗೆಯ ಹಿಂಭಾಗ ಸೆಳೆದು, ಎದುರಿನವರ ಮಾತು ಎಲ್ಲೋ ದೂರದಿಂದ ಕೇಳಿದಂತಾಗುವ ತೊಂದರೆ ಎರಡು ವರ್ಷಗಳ ಹಿಂದೆ ಶುರುವಾದಾಗ, ಅದನ್ನು ಸುಸ್ತು ಎಂದು ತಳ್ಳಿಹಾಕಿ ದಿನ ದೂಡಲು ನನಗೆ ಸಾಧ್ಯವಾಗಲಿಲ್ಲ. ವೈದ್ಯರು ಮಲಗಿಸಿ ಅಳೆದಾಗ 118/76 ಇದ್ದ ರಕ್ತದೊತ್ತಡ, ನಿಲ್ಲಿಸಿ 3 ನಿಮಿಷಕ್ಕೆ ಅಳೆದಾಗ 92/64ಕ್ಕೆ ಇಳಿದಿತ್ತು. ನಿಂತ 3 ನಿಮಿಷಗಳೊಳಗೆ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಕುಸಿದರೆ ಅದನ್ನು ರೋಗವೆಂದೇ ಎಣಿಸುತ್ತಾರೆ. ಒತ್ತಡ ಕುಸಿಯದೆ, 10 ನಿಮಿಷಗಳೊಳಗೆ ನಾಡಿ ಮಾತ್ರ ನಿಮಿಷಕ್ಕೆ 30 ಬಡಿತ ಅಥವಾ ಅದಕ್ಕೂ ಹೆಚ್ಚು ಏರುವ ಇನ್ನೊಂದು ಬಗೆಯನ್ನು ಪಾಟ್ಸ್ ಎನ್ನುತ್ತಾರೆ. ನನ್ನದು ಅದಲ್ಲ, ಆದರೆ ಕಾಲು, ಹೊಟ್ಟೆಗಳನ್ನು ಬಿಗಿಯಾಗಿ ಹಿಡಿಯುವ ಉಡುಪಿನ ವಿಚಾರದಲ್ಲಿ ಎರಡಕ್ಕೂ ಸಲಹೆ ಹೆಚ್ಚುಕಡಿಮೆ ಒಂದೇ.

ನಾವು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲಿಗೂ ಹೊಟ್ಟೆಯ ಕೆಳಭಾಗಕ್ಕೂ ಇಳಿಯುತ್ತದೆ. ಆರೋಗ್ಯವಂತರಲ್ಲಿ ನರಗಳು ರಕ್ತನಾಳಗಳನ್ನು ತಕ್ಷಣ ಬಿಗಿಗೊಳಿಸಿ ಅದನ್ನು ಹೃದಯಕ್ಕೆ ಮರಳಿ ಕಳಿಸುತ್ತವೆ. ಆ ಕೆಲಸ ನಿಧಾನವಾದವರಿಗೆ ಹೊರಗಿನಿಂದ ಬಿಗಿ ಕೊಡುವುದೇ ಈ ಉಡುಪುಗಳ ಕೆಲಸ. ಕಾಲುಗಳ ರಕ್ತನಾಳದ ತೊಂದರೆಯಿಂದ ಬಳಲುತ್ತಿದ್ದ ಕಾನ್ರಾಡ್ ಜಾಬ್ಸ್ಟ್ ಎಂಬ ಇಂಜಿನಿಯರ್, ಈಜುಕೊಳದಲ್ಲಿ ನಿಂತಾಗ ನೋವು ಕಡಿಮೆಯಾಗುವುದನ್ನು ಗಮನಿಸಿ, ನೀರು ಆಳಕ್ಕೆ ಹೋದಷ್ಟೂ ಹೆಚ್ಚು ಒತ್ತುವಂತೆ ಪಾದದ ಗಂಟಿನಲ್ಲಿ ಹೆಚ್ಚು, ಮೇಲೆ ಕಡಿಮೆ ಒತ್ತುವ ಕಾಲುಚೀಲವನ್ನು ರೂಪಿಸಿದರು. ಡಬ್ಬದ ಮೇಲೆ ಬರೆಯುವ 20 ಮಿ.ಮೀ. ಪಾದರಸ ಎಂದರೆ ಸುಮಾರು 27 ಸೆಂಟಿಮೀಟರ್ ಆಳದ ನೀರಿನ ಒತ್ತಡ. ಮಳೆಗಾಲದಲ್ಲಿ ಮುಂಬಯಿಯ ಹಿಂದಮಾತಾದಲ್ಲಿ ನೀರು ನಿಂತ ರಸ್ತೆ ದಾಟಿದವರಿಗೆ ಅದು ಎಷ್ಟೆಂದು ಹೇಳಬೇಕಾಗಿಲ್ಲ.

ನಾನು ಒಂದೊಂದು ಉಡುಪನ್ನು 15 ದಿನ ಧರಿಸಿ, ಬೆಳಿಗ್ಗೆ ಅಡುಗೆಮನೆಯ ಗೋಡೆಯ ಪಕ್ಕ 10 ನಿಮಿಷ ನಿಂತು, ಮನೆಯ ಮಿಷನ್ನಿನಲ್ಲಿ ಒತ್ತಡವನ್ನೂ ನಾಡಿಯನ್ನೂ ನೋಡಿ, ಹಳೆಯ ಪರೀಕ್ಷಾ ಪೇಪರುಗಳ ಹಿಂಬದಿಯಲ್ಲಿ ಬರೆದಿಟ್ಟೆ. ವೈದ್ಯರು ಹೇಳಿದ ಉಪ್ಪು ಮತ್ತು ನೀರಿನ ಪ್ರಮಾಣವನ್ನು ಇಡೀ ಅವಧಿಯಲ್ಲಿ ಬದಲಿಸಲಿಲ್ಲ. ಆದರೂ ಇದು ಒಬ್ಬಳ ದೇಹದ ಲೆಕ್ಕ. ಮೇ ತಿಂಗಳ ಸೆಕೆಯಲ್ಲಿ ತೊಟ್ಟದ್ದನ್ನು ಡಿಸೆಂಬರಿನಲ್ಲಿ ತೊಟ್ಟದ್ದರ ಜೊತೆ ಹೋಲಿಸುವಾಗ ಆ ಅನ್ಯಾಯವೂ ಇದರಲ್ಲಿ ಸೇರಿದೆ.

ಮೊದಲು ಕೊಂಡದ್ದು ಮೊಣಕಾಲಿನವರೆಗಿನ ಸ್ಟಾಕಿಂಗ್ಸ್, ಏಕೆಂದರೆ ಔಷಧಿ ಅಂಗಡಿಯವರು ಕೇಳುವ ಮೊದಲೇ ಎತ್ತಿಕೊಡುವುದು ಅದನ್ನೇ. ಎರಡನೆಯ ದರ್ಜೆಯದು, ಅಂದರೆ ಪಾದದ ಗಂಟಿನಲ್ಲಿ 23ರಿಂದ 32 ಮಿ.ಮೀ. ಒತ್ತಡದ್ದು. ಸಂಜೆ ಚಪ್ಪಲಿಯ ಪಟ್ಟಿ ಕಾಲಿಗೆ ಕೊರೆಯುವುದು ಮೂರನೆಯ ದಿನಕ್ಕೇ ನಿಂತಿತು, ಮೀನಖಂಡದ ಸೆಳೆತವೂ ಹೋಯಿತು. ಆದರೆ ತಲೆಸುತ್ತು? ನಿಂತಾಗಿನ ಮೇಲಿನ ಅಂಕಿ 92ರಿಂದ 95ಕ್ಕೆ, 96ಕ್ಕೆ ಏರಿದ್ದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಕಾಲು ಹಗುರವಾಯಿತು, ತಲೆ ಹಾಗೆಯೇ ಉಳಿಯಿತು.

ಹಾಗಾದರೆ ಇನ್ನೂ ಮೇಲಕ್ಕೆ ಹೋಗೋಣವೆಂದು ತೊಡೆಯವರೆಗಿನದನ್ನು ತಂದೆ. ಅದರ ಮೇಲಂಚಿನಲ್ಲಿ ಜಾರದಂತೆ ಸಿಲಿಕೋನ್ ಚುಕ್ಕೆಗಳ ಪಟ್ಟಿ ಇರುತ್ತದೆ. ತಂಪು ಕೋಣೆಯಲ್ಲಿ ಅದು ಹಿಡಿದು ನಿಲ್ಲಬಹುದೇನೋ. ಜೂನ್ ತಿಂಗಳ ಮುಂಬಯಿಯಲ್ಲಿ ಬೆವರಿನ ಮೇಲೆ ಜಾರುತ್ತಾ ಬಂದು, ಕುರ್ಲಾ ದಾಟುವಷ್ಟರಲ್ಲಿ ಮೊಣಕಾಲಿನ ಮೇಲೆ ಹಗ್ಗದಂತೆ ಸುರುಳಿ ಸುತ್ತಿಕೊಂಡಿತ್ತು. ಇದನ್ನು ಬರೀ ಕಿರಿಕಿರಿ ಎಂದುಕೊಳ್ಳಬಾರದು: ಹೀಗೆ ಸುರುಳಿಯಾದ ಅಂಚು ರಕ್ತ ಮೇಲೇರದಂತೆ ಅಲ್ಲೇ ಕಟ್ಟುಹಾಕುವುದರಿಂದ, ಯಾವ ಉದ್ದೇಶಕ್ಕೆ ತೊಟ್ಟೆವೋ ಅದಕ್ಕೇ ವಿರುದ್ಧವಾಗುತ್ತದೆ. ತುಂಬಿದ ಡಬ್ಬಿಯಲ್ಲಿ ಸೀರೆ ಎತ್ತಿ ಅದನ್ನು ಸರಿಪಡಿಸಿಕೊಳ್ಳುವಂತೆಯೂ ಇಲ್ಲ. ಒಂಬತ್ತನೆಯ ದಿನ ತೊಡೆಯ ಸುತ್ತ ಚುಕ್ಕೆಚುಕ್ಕೆಯಾಗಿ ಕೆಂಪೆದ್ದ ಮೇಲೆ, 15 ದಿನದ ನಿಯಮವನ್ನು ಮುರಿದು ಬಿಚ್ಚಿಟ್ಟೆ. ನನ್ನ ಪಟ್ಟಿಯಲ್ಲಿ ದಂಡಕ್ಕೆ ಹೋದ ದುಡ್ಡು ಎಂದರೆ ಇದೊಂದೇ.

ಇದೇ ಹೊತ್ತಿಗೆ ನೆರೆಮನೆಯವರು, ಆಪರೇಷನ್ ಆದವರಿಗೆಂದು ಆಸ್ಪತ್ರೆಯಲ್ಲಿ ಕೊಟ್ಟಿದ್ದ ಬಿಳಿಯ ಸ್ಟಾಕಿಂಗ್ಸ್ ತಂದುಕೊಟ್ಟರು. ಅವು ಹಾಸಿಗೆಯಲ್ಲಿ ಮಲಗಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಮಾಡಿದವು, ನಡೆದಾಡುವವರಿಗಲ್ಲ, ಕೃತಜ್ಞತೆಯಿಂದ ಮರಳಿಸಿದೆ.

ಹೊಟ್ಟೆಯ ಬೆಲ್ಟಿನ ಮಾತು ಬಂದದ್ದು ಅತ್ತೆಯವರಿಂದ ಎಂದರೂ ತಪ್ಪಲ್ಲ. ನಾನು ಸ್ಟಾಕಿಂಗ್ಸ್ ಎಳೆದುಕೊಳ್ಳುತ್ತಾ ಒದ್ದಾಡುವುದನ್ನು ನೋಡಿ, "ಇದೆಂಥ ಕಾಲಿಗೆ ಮಾತ್ರ? ಬಾಣಂತಿಗೆ ನಾವು ಹೊಟ್ಟೆ ಕಟ್ಟುತ್ತಿರಲಿಲ್ಲವಾ, ಎದ್ದಾಗ ತಲೆ ತಿರುಗಬಾರದು ಅಂತ?" ಎಂದರು. ದೇಹದ ಒಟ್ಟು ರಕ್ತದ ಸುಮಾರು ಕಾಲು ಭಾಗ ಕರುಳು, ಯಕೃತ್ತು, ಗುಲ್ಮಗಳ ಸುತ್ತಲಿನ ನಾಳಗಳಲ್ಲೇ ಇರುತ್ತದೆ. ಮೀನಖಂಡದಲ್ಲಿ ಇರುವುದು ಅದರ ಮುಂದೆ ಅಲ್ಪ. ಅಂಗಡಿಯಲ್ಲಿ ಕಾಲಿನದನ್ನೇ ಮೊದಲು ತೋರಿಸುವುದೇಕೆಂದು ನನಗೆ ಇಂದಿಗೂ ಅರ್ಥವಾಗಿಲ್ಲ. ಅತ್ತೆಯವರ ಮಾತಿಗೆ ಮರ್ಯಾದೆ ಕೊಟ್ಟು ಎರಡು ದಿನ ಹಳೆಯ ನೂಲಿನ ಸೀರೆಯನ್ನೇ ನಾಲ್ಕು ಮಡಿಕೆ ಮಾಡಿ ಅವರಿಂದ ಕಟ್ಟಿಸಿಕೊಂಡೆ. ಮೊದಲ ಅರ್ಧ ಗಂಟೆ ಅಂಕಿಗಳು ಚೆನ್ನಾಗಿಯೇ ಬಂದವು. ಆಮೇಲೆ ನೂಲು ಸಡಿಲಗೊಂಡು, ಬಟ್ಟೆ ಸೊಂಟಕ್ಕೆ ಜಾರಿ, ಬರೀ ಸೆಕೆ ಉಳಿಯಿತು.

ಬೆಲ್ಟ್ ಸುಮಾರು ಒಂದು ಗೇಣು ಅಗಲದ ಎಲಾಸ್ಟಿಕ್ ಪಟ್ಟಿ, ಮುಂದೆ ವೆಲ್ಕ್ರೋ. ಅದನ್ನು ಹಾಸಿಗೆಯಿಂದ ಏಳುವ ಮೊದಲು, ಮಲಗಿದಲ್ಲೇ ಕಟ್ಟಿಕೊಳ್ಳಬೇಕು. ನಿಂತ ಮೇಲೆ ಕಟ್ಟಿದರೆ ಆಗಲೇ ಕೆಳಗಿಳಿದ ರಕ್ತವನ್ನು ಅಲ್ಲೇ ಇಟ್ಟು ಬೀಗ ಹಾಕಿದಂತೆ. ಮೇಲಂಚು ಪಕ್ಕೆಲುಬಿನ ಕೆಳಗೆ ನಿಲ್ಲಬೇಕು, ಕೆಳಂಚು ಸೊಂಟದ ಮೂಳೆಯನ್ನು ಹಿಡಿಯಬೇಕು, ಉಸಿರು ಪೂರ್ತಿ ಎಳೆಯಲು ಬರಬೇಕು. ಮೊದಲ ವಾರ ನಾನು ಅದರ ಮೇಲೆ ಲಂಗದ ಲಾಡಿ ಬಿಗಿದು ನಡುವೆ ಗಂಟು ಕೊರೆಸಿಕೊಂಡೆ. ಈಗ ಲಾಡಿಯ ಬದಲು ಅಗಲ ಎಲಾಸ್ಟಿಕ್ ಹೊಲಿಸಿ, ನೆರಿಗೆಯನ್ನು ಬೆಲ್ಟಿನ ಕೆಳಂಚಿನ ಬಳಿ ಸಿಕ್ಕಿಸುತ್ತೇನೆ, ಹೊರಗಿನವರಿಗೆ ತಿಳಿಯುವುದಿಲ್ಲ. ಇದರೊಂದಿಗೆ ನಿಂತಾಗಿನ ಒತ್ತಡ 104, 106ರ ಆಸುಪಾಸು ನಿಂತಿತು. ಸಂಖ್ಯೆಗಿಂತ ಹೆಚ್ಚಾಗಿ, ಒಂದು ಪೂರ್ತಿ ಪೀರಿಯಡ್ ಮೇಜಿಗೆ ಒರಗದೆ ಪಾಠ ಮಾಡಿದ್ದು ನನಗೆ ನೆನಪಿದೆ.

ಸೊಂಟದವರೆಗೆ ಬರುವ, ಕಾಲು ಮತ್ತು ಹೊಟ್ಟೆ ಎರಡನ್ನೂ ಹಿಡಿಯುವ ಟೈಟ್ಸ್ ಕೊನೆಯ ಸರದಿ. ಕೆನಡಾದ ಕ್ಯಾಲ್ಗರಿಯ ಸಂಶೋಧಕರು 2021ರಲ್ಲಿ ಪಾಟ್ಸ್ ಇರುವ 30 ಜನರ ಮೇಲೆ ಪ್ರಕಟಿಸಿದ ಅಧ್ಯಯನದಲ್ಲಿಯೂ, ಕಾಲಿಗೆ ಮಾತ್ರ ಬಿಗಿ ಕೊಟ್ಟಾಗ ಆದ ಪ್ರಯೋಜನ ಸ್ವಲ್ಪ, ಹೊಟ್ಟೆಯಿಂದ ಪಾದದವರೆಗೆ ಕೊಟ್ಟಾಗ ಆದದ್ದೇ ಅತಿ ಹೆಚ್ಚು. ನನ್ನ ಕಾಗದದಲ್ಲಿಯೂ ಅತ್ಯುತ್ತಮ ಅಂಕಿಗಳು ಇದರದ್ದೇ: 110ರವರೆಗೆ. ಆದರೆ ಬೆಳಿಗ್ಗೆ ಐದೂವರೆಗೆ ಎದ್ದು, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ತೊಟ್ಟು, ಹಿಮ್ಮಡಿಯವರೆಗೆ ಒಳಗು ಹೊರಗು ಮಾಡಿ ಇಂಚಿಂಚಾಗಿ ಎಳೆದರೂ ಇಪ್ಪತ್ತು ನಿಮಿಷ ಬೇಕು, ಅಷ್ಟರಲ್ಲಿ ಮೈಯೆಲ್ಲ ಬೆವರು. ಶಾಲೆಯ ಶೌಚಾಲಯದಲ್ಲಿ ಇಳಿಸಿ ಮತ್ತೆ ಏರಿಸುವ ಭಯಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡತೊಡಗಿದೆ. ಒತ್ತಡ ಬೀಳುವವರಿಗೆ ನೀರು ಕಡಿಮೆಯಾಗುವುದೆಂದರೆ ಔಷಧಿಯನ್ನು ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿದಂತೆ. ಹೀಗಾಗಿ ಇದನ್ನು ಡಿಸೆಂಬರ್, ಜನವರಿಯಲ್ಲಿ, ಅದೂ ವಾರ್ಷಿಕೋತ್ಸವದಂತಹ ದಿನವಿಡೀ ನಿಲ್ಲುವ ಸಂದರ್ಭಕ್ಕೆ ಮೀಸಲಿಟ್ಟಿದ್ದೇನೆ.

ಯಾವುದನ್ನೇ ಕೊಳ್ಳುವುದಿದ್ದರೂ ಅಳತೆಯನ್ನು ಬೆಳಿಗ್ಗೆ, ಕಾಲು ಬಾಯುವ ಮೊದಲು ತೆಗೆಯಿಸಬೇಕು: ಪಾದದ ಗಂಟಿನ ಮೇಲಿನ ಅತಿ ಸಣ್ಣ ಸುತ್ತಳತೆ, ಮೀನಖಂಡದ ಅತಿ ದೊಡ್ಡ ಸುತ್ತಳತೆ. ಕಾಲಿನ ಅಪಧಮನಿಗಳಲ್ಲಿ ಅಡಚಣೆ ಇರುವವರಿಗೆ, ಮಧುಮೇಹದಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ, ಹೃದಯ ದುರ್ಬಲವಾಗಿರುವವರಿಗೆ ಇವು ಅಪಾಯ ತರಬಲ್ಲವು. ನನ್ನ ವೈದ್ಯರು ಚೀಟಿ ಬರೆಯುವ ಮೊದಲು ಪಾದದ ನಾಡಿ ಮುಟ್ಟಿ ನೋಡಿ, ಕಾಲಿನ ಮತ್ತು ತೋಳಿನ ಒತ್ತಡವನ್ನು ಹೋಲಿಸಿದ್ದರು. ಒಗೆಯುವುದು ಕೈಯಲ್ಲೇ, ಉಗುರುಬೆಚ್ಚಗಿನ ನೀರಿನಲ್ಲಿ. ಹಿಂಡದೆ, ನೆರಳಿನಲ್ಲಿ ಒಣಹಾಕಬೇಕು. ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ಒಣಗುವುದಿಲ್ಲವಾದ್ದರಿಂದ ಎರಡು ಜೊತೆ ಇಲ್ಲದೆ ನಡೆಯದು. ದಿನವೂ ಧರಿಸಿದರೆ ಸುಮಾರು 6 ತಿಂಗಳಿಗೆ ಎಲಾಸ್ಟಿಕ್ ಸೋಲುತ್ತದೆ. ತೊಡುವುದು ಸುಲಭವಾಯಿತೆಂದು ಖುಷಿಪಡುವ ದಿನವೇ ಹೊಸದನ್ನು ಕೊಳ್ಳುವ ದಿನ.

ಈಗ ಶಾಲೆಯ ದಿನಗಳಲ್ಲಿ ನನ್ನ ಮೈಮೇಲಿರುವುದು ಬೆಲ್ಟ್ ಮತ್ತು ಮೊಣಕಾಲಿನವರೆಗಿನ ಸ್ಟಾಕಿಂಗ್ಸ್, ಎರಡೂ ಸೇರಿ ಟೈಟ್ಸಿನ ಅಂಕಿಗಳಿಗೆ ಐದಾರು ಮಾತ್ರ ಕಡಿಮೆ. ರಾತ್ರಿ ಮಲಗುವಾಗ ಎರಡನ್ನೂ ತೆಗೆಯುತ್ತೇನೆ. ಬಗೆಹರಿಯದ ತೊಡಕು ಒಂದೇ. ಊಟವಾದ ಮೇಲೆ ರಕ್ತ ಕರುಳಿನತ್ತ ಹರಿಯುವುದರಿಂದ ಬೆಲ್ಟ್ ಹೆಚ್ಚು ಬೇಕಾಗುವುದು ಆಗಲೇ, ಆದರೆ ತುಂಬಿದ ಹೊಟ್ಟೆಯನ್ನು ಅದುಮಿದರೆ ಹುಳಿತೇಗು ಬರುವುದೂ ಆಗಲೇ. ಸ್ಟಾಫ್ ರೂಮಿನಲ್ಲಿ ವೆಲ್ಕ್ರೋ ಬಿಚ್ಚಿದರೆ ಆ ಚರ್ರೆಂಬ ಸದ್ದಿಗೆ ಎಲ್ಲರೂ ತಿರುಗಿ ನೋಡುತ್ತಾರೆ. ಸದ್ಯಕ್ಕೆ ಅನ್ನವನ್ನು ಅರ್ಧ ಮಾಡಿ, ಉಳಿದರ್ಧವನ್ನು ಮೂರು ಗಂಟೆಗೆ ಮೊಸರಿನೊಂದಿಗೆ ತಿನ್ನುತ್ತಿದ್ದೇನೆ.