ಕಾರ್ಕ್, ಥರ್ಲಸ್, ಕಿಲ್ಕೆನಿ: ಹರ್ಲಿಂಗ್ ನೋಡಲು ಎಲ್ಲಿಗೆ ಹೋಗಬೇಕು?

ಊರಿನಿಂದ ಡಬ್ಲಿನ್‌ಗೆ ಬರುವ ನೆಂಟರಿಗೆ ನಾನು ಐರ್ಲೆಂಡಿನ ಕೋಲು-ಚೆಂಡಿನ ಆಟವಾದ ಹರ್ಲಿಂಗ್‌ನ ಒಂದು ಪಂದ್ಯ ತೋರಿಸದೆ ಕಳುಹಿಸುವುದಿಲ್ಲ. ಕಡಲಂಚಿನ ಬಂಡೆಗಳ ಚಿತ್ರ ಯಾವ ಮೊಬೈಲ್‌ನಲ್ಲಾದರೂ ಸಿಗುತ್ತದೆ. ಹರ್ಲಿಂಗ್ ಹಾಗಲ್ಲ, ಎದುರಿಗೆ ಕೂತೇ ನೋಡಬೇಕು. ಯಾವ ಮೈದಾನಕ್ಕೆ ಕರೆದೊಯ್ಯಬೇಕು ಎಂಬುದನ್ನು ಮಾತ್ರ ಬಹಳ ದಿನ ನಿರ್ಧರಿಸಲಾಗಿರಲಿಲ್ಲ. ಎರಡು ವರ್ಷಗಳಲ್ಲಿ ಹೆಂಡತಿ, ಮಗಳ ಜೊತೆ ಮೂರು ಊರುಗಳಿಗೆ ಹೋಗಿ ಬಂದೆ: ಕಾರ್ಕ್ ನಗರದ ಪಾರ್ಕ್ ಈ ಕೀವ್, ಥರ್ಲಸ್ ಪಟ್ಟಣದ ಸೆಂಪಲ್ ಸ್ಟೇಡಿಯಂ, ಕಿಲ್ಕೆನಿಯ ನೌಲನ್ ಪಾರ್ಕ್. ಈಗ ನನಗೆ ಅನುಮಾನವಿಲ್ಲ. ನಿಮ್ಮ ಬಳಿ ಒಂದೇ ದಿನವಿದ್ದರೆ ಕಿಲ್ಕೆನಿಗೆ ಹೋಗಿ.

ಡಬ್ಲಿನ್‌ನ ಕ್ರೋಕ್ ಪಾರ್ಕನ್ನು ಬೇಕೆಂದೇ ಬಿಟ್ಟಿದ್ದೇನೆ. 82,000ಕ್ಕೂ ಹೆಚ್ಚು ಜನ ಹಿಡಿಸುವ ಆ ಕ್ರೀಡಾಂಗಣದಲ್ಲೇ ಕೌಂಟಿ (ಅಂದರೆ ಜಿಲ್ಲೆ) ತಂಡಗಳ ಅಖಿಲ ಐರ್ಲೆಂಡ್ ಫೈನಲ್ ನಡೆಯುತ್ತದೆ, ಅಲ್ಲಿನ ವಸ್ತುಸಂಗ್ರಹಾಲಯವೂ ಸೊಗಸಾಗಿದೆ. ಆದರೆ ಈ ಆಟದ ಬೇರುಗಳಿರುವುದು ದಕ್ಷಿಣದ ಕೌಂಟಿಗಳಲ್ಲಿ. ಅಲ್ಲಿ ಹರ್ಲಿಂಗ್ ಎಂದರೆ ಊರಿನ ಮಾತು, ಅಂಗಡಿಯ ಮಾತು, ಮದುವೆ ಮನೆಯ ಮಾತು.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಒಂದೊಂದು ಕಡೆ 15 ಜನ. ಕೈಯಲ್ಲಿ ಆ್ಯಶ್ ಮರದ ಕೋಲು, ಅದರ ಹೆಸರು ಹರ್ಲಿ. ತುದಿ ಅಗಲವಾಗಿ ಚಪ್ಪಟೆಯಾಗಿರುತ್ತದೆ. ಚೆಂಡಿನ ಹೆಸರು ಸ್ಲಿಟರ್. ಗಾತ್ರದಲ್ಲಿ ಹೆಚ್ಚುಕಡಿಮೆ ಕ್ರಿಕೆಟ್ ಚೆಂಡಿನಷ್ಟೇ, ತೂಕ ಮಾತ್ರ ಕಡಿಮೆ, 110ರಿಂದ 120 ಗ್ರಾಂ. ಗೋಲಿನ ಕಂಬಗಳು ಮೇಲಕ್ಕೆ ಉದ್ದವಾಗಿ ನಿಂತಿರುತ್ತವೆ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೊಡೆದರೆ ಗೋಲು, ಅದಕ್ಕೆ ಮೂರು ಅಂಕ. ಮೇಲಿನಿಂದ ದಾಟಿಸಿದರೆ ಒಂದು ಅಂಕ. ಗೋಲಿಗೆ ಹಸಿರು ಬಾವುಟ, ಅಂಕಕ್ಕೆ ಬಿಳಿ ಬಾವುಟ. ಕೌಂಟಿ ತಂಡಗಳ ಪಂದ್ಯ 70 ನಿಮಿಷ. ಆಡುವವರಲ್ಲಿ ಯಾರಿಗೂ ಸಂಬಳವಿಲ್ಲ. ಭಾನುವಾರ ಸಾವಿರಾರು ಜನರ ಮುಂದೆ ಆಡಿದವರು ಸೋಮವಾರ ಶಾಲೆಗೆ ಪಾಠ ಹೇಳಲು, ಹೊಲಕ್ಕೆ, ಕಚೇರಿಗೆ ಹೋಗುತ್ತಾರೆ.

ಮೊದಲು ಕಾರ್ಕ್. ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಮೈದಾನ ನಗರದ ಪೂರ್ವಕ್ಕೆ, ಲೀ ನದಿಯ ದಂಡೆಯಲ್ಲಿದೆ. ನಡೆದೇ ಹೋದೆವು. ಮರೀನಾ ಎಂಬ ನದಿಯಂಚಿನ ದಾರಿಯ ಎರಡೂ ಬದಿ ಹಳೆಯ ಮರಗಳು, ನೀರಿನಲ್ಲಿ ಹುಟ್ಟುಹಾಕುತ್ತಿರುವ ದೋಣಿಗಳು, ಮೈದಾನದ ಪಕ್ಕದಲ್ಲೇ ಬಾತುಕೋಳಿಗಳ ಕೊಳ. ಮೂರು ಊರುಗಳಲ್ಲಿ ಮೈದಾನಕ್ಕೆ ಹೋಗುವ ದಾರಿ ಇಷ್ಟು ಚೆಂದವಿರುವುದು ಇಲ್ಲಿ ಮಾತ್ರ. 1904ರಲ್ಲಿ ತೆರೆದ ಹಳೆಯ ಅಥ್ಲೆಟಿಕ್ ಮೈದಾನದ ಜಾಗದಲ್ಲಿ 1976ರಲ್ಲಿ ಪಾರ್ಕ್ ಈ ಕೀವ್ ತಲೆಯೆತ್ತಿತು. ಹರ್ಲಿಂಗ್ ನಡೆಸುವ ಸಂಸ್ಥೆಯಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್‌ಗೆ 1929ರಿಂದ 1964ರವರೆಗೆ ಪ್ರಧಾನ ಕಾರ್ಯದರ್ಶಿಯಾಗಿದ್ದ ಪಾಡ್ರಿಗ್ ಓ ಕೀವ್ ಅವರ ಹೆಸರು ಇದಕ್ಕಿದೆ. ಬಹುಪಾಲು ಕೆಡವಿ ಮತ್ತೆ ಕಟ್ಟಿ 2017ರಲ್ಲಿ ತೆರೆದರು. ಈಗ ಸುಮಾರು 45,000 ಜನ ಹಿಡಿಸುತ್ತದೆ. ಕುರ್ಚಿ, ಶೌಚಾಲಯ, ಮೆಟ್ಟಿಲು ಎಲ್ಲವೂ ಹೊಸತು. ವಯಸ್ಸಾದ ತಂದೆತಾಯಿಯನ್ನು ಕರೆದೊಯ್ಯುವವರು ಇನ್ನೊಂದು ಯೋಚನೆ ಮಾಡದೆ ಇಲ್ಲಿಗೇ ಹೋಗಲಿ.

ನಾವು ಹೋದದ್ದು 2024ರ ಮೇ 11ರ ಶನಿವಾರ ಸಂಜೆ, ಕಾರ್ಕ್ ಮತ್ತು ಲಿಮರಿಕ್ ನಡುವಿನ ಪಂದ್ಯಕ್ಕೆ. ಲಿಮರಿಕ್ ಅದಕ್ಕೂ ಮುಂಚಿನ ನಾಲ್ಕು ವರ್ಷ ಸತತವಾಗಿ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದಿದ್ದ ತಂಡ. ಕಾರ್ಕ್ ಆ ಋತುವಿನ ಮೊದಲ ಎರಡೂ ಪಂದ್ಯ ಸೋತಿತ್ತು, ಇದನ್ನೂ ಸೋತರೆ ಮನೆಗೆ. ಕೊನೆಯ ಗಳಿಗೆಯಲ್ಲಿ ಕಾರ್ಕ್‌ಗೆ ಪೆನಾಲ್ಟಿ ಸಿಕ್ಕಿತು. ಪ್ಯಾಟ್ರಿಕ್ ಹೋರ್ಗನ್ ಅದನ್ನು ಬಲೆಗೆ ಸೇರಿಸಿದರು. ಕಾರ್ಕ್ 3 ಗೋಲು 28 ಅಂಕ, ಲಿಮರಿಕ್ 3 ಗೋಲು 25 ಅಂಕ. ಪಂದ್ಯ ಮುಗಿದದ್ದೇ ತಡ, ಕೆಂಪು ಅಂಗಿಯ ಜನ ಒಡೆದ ಕೆರೆಯಂತೆ ಮೈದಾನಕ್ಕೆ ನುಗ್ಗಿದರು. ನನ್ನ ಪಕ್ಕದಲ್ಲಿದ್ದ ಗಂಡಸು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅವನ ಹೆಗಲ ಮೇಲೆ ಕೈ ಇಟ್ಟವನು ಹಸಿರು ಅಂಗಿಯ ಲಿಮರಿಕ್ ಅಭಿಮಾನಿ. ಇಲ್ಲಿ ಎರಡು ತಂಡಗಳ ಬೆಂಬಲಿಗರನ್ನು ಬೇರೆ ಬೇರೆ ಕೂರಿಸುವ ಪದ್ಧತಿಯಿಲ್ಲ. ಈ ಆಟದ ಬಗ್ಗೆ ನನಗೆ ಅತ್ಯಂತ ಗೌರವ ಹುಟ್ಟಿಸಿದ ಸಂಗತಿ ಅದು.

ನನ್ನ ಜೀವನದಲ್ಲಿ ನೋಡಿದ ಅತ್ಯುತ್ತಮ ಪಂದ್ಯ ಅದೇ. ಆದರೂ ಮೊದಲ ಸಲ ಹರ್ಲಿಂಗ್ ನೋಡುವವರಿಗೆ ಆ ಮೈದಾನವನ್ನು ನಾನು ಹೇಳುವುದಿಲ್ಲ. ನಮ್ಮ ಜಾಗ ಇದ್ದದ್ದು ದಕ್ಷಿಣ ಸ್ಟ್ಯಾಂಡಿನ ಮೇಲಿನ ಸಾಲಿನಲ್ಲಿ. ಅಲ್ಲಿಂದ ಆಟದ ನಕ್ಷೆ ಸ್ಪಷ್ಟವಾಗಿ ಕಾಣುತ್ತದೆ, ಯಾರು ಎಲ್ಲಿ ಖಾಲಿ ಬಿಟ್ಟಿದ್ದಾರೆ ಎಂದು ತಿಳಿಯುತ್ತದೆ. ಆದರೆ ಆಚೆ ಬದಿಯ ಆಟಗಾರ ಚೆಂಡು ಹೊಡೆದದ್ದು ಕಣ್ಣಿಗೆ ಕಂಡು, ಅದರ ಸದ್ದು ಒಂದಿಷ್ಟು ತಡವಾಗಿ ಕಿವಿಗೆ ಬೀಳುತ್ತಿತ್ತು. ನೂರು ಮೀಟರ್ ದಾಟಲು ಸದ್ದಿಗೆ ಸೆಕೆಂಡಿನ ಮೂರರಲ್ಲೊಂದು ಭಾಗದಷ್ಟು ಹೊತ್ತು ಬೇಕು. ಆ ಚಿಕ್ಕ ಅಂತರದಲ್ಲೇ ಏನೋ ಕೈತಪ್ಪುತ್ತಿತ್ತು. ಏನೆಂದು ಆಗ ನನಗೆ ಹೇಳಲು ಬರುತ್ತಿರಲಿಲ್ಲ. ಪಂದ್ಯ ಮುಗಿಯುವ ಹೊತ್ತಿಗೆ ಡಬ್ಲಿನ್‌ಗೆ ರೈಲೂ ಇರಲಿಲ್ಲ. ರಾತ್ರಿ ಅಲ್ಲೇ ಉಳಿಯಬೇಕಾಯಿತು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಥರ್ಲಸ್ ಕಾರ್ಕ್‌ನ ದಾರಿಯಲ್ಲೇ ಇರುವ ಟಿಪರೇರಿ ಕೌಂಟಿಯ ಪಟ್ಟಣ, ಅದೇ ರೈಲಿನಲ್ಲಿ ಬಂದು ಅರ್ಧದಾರಿಯಲ್ಲಿ ಇಳಿಯಬೇಕು. ಚರಿತ್ರೆಯ ಮಾತಿಗೆ ಬಂದರೆ ಇದರ ಮುಂದೆ ಉಳಿದೆರಡೂ ನಿಲ್ಲುವುದಿಲ್ಲ. 1884ರ ನವೆಂಬರ್ 1ರಂದು ಮೈಕೆಲ್ ಕ್ಯೂಸಕ್ ಮತ್ತು ಜೊತೆಗಾರರು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಕಟ್ಟಿದ್ದು ಇಲ್ಲಿನ ಲಿಬರ್ಟಿ ಚೌಕದ ಹೇಯ್ಸ್ ಹೋಟೆಲಿನಲ್ಲಿ. ನೂರು ವರ್ಷ ತುಂಬಿದಾಗ, 1984ರ ಅಖಿಲ ಐರ್ಲೆಂಡ್ ಫೈನಲನ್ನು ಡಬ್ಲಿನ್ ಬಿಟ್ಟು ಇಲ್ಲಿಗೆ ತಂದರು. ಕಾರ್ಕ್ ತಂಡ ಆಫಲಿ ಕೌಂಟಿಯ ತಂಡವನ್ನು ಸೋಲಿಸಿತು. ಮೈದಾನಕ್ಕೆ ಹೆಸರು ಕೊಟ್ಟ ಟಾಮ್ ಸೆಂಪಲ್ ಥರ್ಲಸ್ ತಂಡದ ನಾಯಕ, ಹೊಟ್ಟೆಪಾಡಿಗೆ ರೈಲ್ವೆ ಗಾರ್ಡ್. ರೈಲಿನಿಂದ ಇಳಿದು ಅವರ ಹೆಸರಿನ ಮೈದಾನಕ್ಕೆ ನಡೆಯುವಾಗ ಇದು ತಿಳಿದಿದ್ದರೆ ಹೆಜ್ಜೆ ಬೇರೆಯಾಗುತ್ತದೆ.

ದಕ್ಷಿಣದ ಪ್ರಾಂತ್ಯವಾದ ಮನ್‌ಸ್ಟರ್‌ನ ಚಾಂಪಿಯನ್‌ಶಿಪ್ ಪಂದ್ಯದ ದಿನ ಲಿಬರ್ಟಿ ಚೌಕ ನಮ್ಮ ಜಾತ್ರೆಯ ತೇರುಬೀದಿಯಂತಿತ್ತು. ಟಿಪರೇರಿಯ ನೀಲಿ ಹಳದಿ, ಎದುರಾಳಿಗಳ ಬಣ್ಣ, ಟೋಪಿ ಮಾರುವವರು, ಹೆಗಲ ಮೇಲೆ ಕೂತ ಮಕ್ಕಳು. ಮಳೆಯಿಲ್ಲದ ಮೇ ತಿಂಗಳ ಭಾನುವಾರದಲ್ಲಿ ಆ ಚೌಕದಿಂದ ಮೈದಾನದವರೆಗೆ ಜನರ ಜೊತೆ ನಡೆಯುವುದೇ ಅರ್ಧ ಸಂತೋಷ. ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಅಗ್ಗವೆಂದು ಕಿಲ್ಲಿನನ್ ತುದಿಯ ಟಿಕೆಟ್ ಕೊಂಡೆ. ಅದು ಗೋಲಿನ ಹಿಂದೆ ನಿಂತು ನೋಡುವ ಮೆಟ್ಟಿಲುಗಳ ಜಾಗ. ಊರಿನವರಿಗೆ ಅದು ಪ್ರಾಣ. ಎಂಟು ವರ್ಷದ ಮಗಳಿಗೆ ಕಂಡದ್ದು ಮುಂದಿನವರ ಬೆನ್ನು. ಅವಳನ್ನು ಎತ್ತಿಕೊಂಡು ಒಂದು ಗಂಟೆ ನಿಂತೆ. ಹತ್ತಿರದ ಗೋಲಿನಲ್ಲಿ ನಡೆದದ್ದು ಎದೆ ನಡುಗಿಸುವಂತಿತ್ತು. ಎದುರಿನ ಗೋಲು ಬಹುದೂರ, ಅಲ್ಲಿ ಏನಾಯಿತೆಂದು ಬಾವುಟದ ಬಣ್ಣ ನೋಡಿ ತಿಳಿಯಬೇಕಿತ್ತು. ಆಟ ಬಲ್ಲವರಿಗೆ, ಒಂಟಿಯಾಗಿ ಅಥವಾ ಗೆಳೆಯರೊಡನೆ ಹೋಗುವವರಿಗೆ ಥರ್ಲಸ್‌ಗಿಂತ ದೊಡ್ಡ ಯಾತ್ರೆ ಇಲ್ಲ. ಮೊದಲ ಸಲದವರು, ಮಕ್ಕಳಿರುವವರು ಹೋದರೆ ಸ್ಟ್ಯಾಂಡಿನ ಕುರ್ಚಿಗೇ ಹಣ ಕೊಡಿ.

ಇನ್ನು ಕಿಲ್ಕೆನಿ. ಹ್ಯೂಸ್ಟನ್‌ನಿಂದ ವಾಟರ್‌ಫರ್ಡ್ ಕಡೆಗೆ ಹೋಗುವ ರೈಲು, ಸುಮಾರು ಒಂದೂವರೆ ಗಂಟೆ. ರೈಲು ಇಲ್ಲಿ ಒಳಬಂದು, ದಿಕ್ಕು ಬದಲಿಸಿ, ಬಂದ ಕಡೆಗೇ ಹೊರಡುತ್ತದೆ. ಮಗಳಿಗೆ ಅದೇ ದೊಡ್ಡ ಬೆರಗು. ನಿಲ್ದಾಣಕ್ಕೆ ಬ್ರಿಟಿಷ್ ಆಳ್ವಿಕೆಯ ವಿರುದ್ಧದ 1916ರ ಬಂಡಾಯದ ನಾಯಕ ಥಾಮಸ್ ಮೆಕ್‌ಡೊನಾ ಅವರ ಹೆಸರು. ಅವರು ಇದೇ ಊರಿನ ಸೇಂಟ್ ಕೀರನ್ಸ್ ಕಾಲೇಜಿನಲ್ಲಿ ಮೇಷ್ಟರಾಗಿದ್ದರು. ಹರ್ಲಿಂಗ್ ಆಟಗಾರರನ್ನು ತಯಾರು ಮಾಡುವುದರಲ್ಲಿ ಆ ಕಾಲೇಜಿಗೆ ದೇಶದಲ್ಲೇ ಹೆಸರಿದೆ. ನಿಲ್ದಾಣದಿಂದ ಮೈದಾನಕ್ಕೆ ನೋರ್ ನದಿಯನ್ನೂ ದಾಟಬೇಕಿಲ್ಲ, ಮನೆಗಳ ನಡುವಿನ ಬೀದಿಗಳಲ್ಲಿ ಹತ್ತು ಹದಿನೈದು ನಿಮಿಷದ ನಡಿಗೆ. ಕಿಟಕಿಗಳಲ್ಲಿ ಕಪ್ಪು ಮತ್ತು ಜೇನುಬಣ್ಣದ ಪಟ್ಟೆಯ ಬಾವುಟಗಳು.

ನೌಲನ್ ಪಾರ್ಕ್ ತೆರೆದದ್ದು 1920ರ ದಶಕದ ಕೊನೆಯಲ್ಲಿ. ಜೇಮ್ಸ್ ನೌಲನ್ ಪೀಪಾಯಿ ಮಾಡುವ ಕಸುಬಿನವರು. 1901ರಿಂದ 1921ರವರೆಗೆ ಅಸೋಸಿಯೇಷನ್‌ನ ಅಧ್ಯಕ್ಷರು. ಅಷ್ಟು ದೀರ್ಘಕಾಲ ಆ ಸ್ಥಾನದಲ್ಲಿದ್ದವರು ಬೇರೆ ಯಾರೂ ಇಲ್ಲ. ಇಲ್ಲಿ ಸೇರುವುದು 27,000ದ ಆಸುಪಾಸು ಜನ. ಆದರೆ ಈ ಮೈದಾನದಲ್ಲಿ ಬೆಳೆದ ಕೌಂಟಿ 36 ಸಲ ಅಖಿಲ ಐರ್ಲೆಂಡ್ ಗೆದ್ದಿದೆ, ಬೇರೆಲ್ಲರಿಗಿಂತ ಹೆಚ್ಚು. ಅವುಗಳಲ್ಲಿ 11 ಬ್ರಯನ್ ಕೋಡಿ ಎಂಬ ಒಬ್ಬ ತರಬೇತುದಾರರ ಕಾಲದವು. 2013ರ ಜುಲೈಯಲ್ಲಿ ಸೋತವರು ಋತುವಿನಿಂದಲೇ ಹೊರಬೀಳುವ ಪಂದ್ಯದಲ್ಲಿ ಟಿಪರೇರಿ ಇಲ್ಲಿಗೆ ಬಂದು ಮೂರು ಅಂಕಗಳಿಂದ ಸೋತ ರಾತ್ರಿಯನ್ನು ಊರಿನವರು ಈಗಲೂ ನಿನ್ನೆಯದೆಂಬಂತೆ ಹೇಳುತ್ತಾರೆ.

ನಾವು ಹೋದದ್ದು ಅಂಥ ದೊಡ್ಡ ದಿನವಲ್ಲ. ಫೆಬ್ರುವರಿಯ ಲೀಗ್ ಪಂದ್ಯ. ಚಳಿ, ಓರೆಯಾಗಿ ಬೀಸುವ ಮಳೆ, ಅರ್ಧಕ್ಕಿಂತ ಹೆಚ್ಚು ಕುರ್ಚಿ ಖಾಲಿ. ಸ್ಟ್ಯಾಂಡಿನ ಕೆಳಗಿನ ಸಾಲಿಗೆ ಬಂದು ಕೂತೆವು. ಚಾವಣಿ ಅಲ್ಲಿಯವರೆಗೆ ಕಾಯಲಿಲ್ಲ, ಮೊಣಕಾಲು ನೆನೆಯಿತು. ಮೊದಲ ಐದು ನಿಮಿಷಗಳಲ್ಲೇ, ಕಾರ್ಕ್‌ನಲ್ಲಿ ನನ್ನ ಕೈತಪ್ಪಿದ್ದೇನು ಎಂದು ತಿಳಿಯಿತು.

ಇಬ್ಬರು ಆಟಗಾರರು ಒಂದೇ ಚೆಂಡಿಗೆ ಕೋಲು ಬೀಸಿದರು. ಒಣ ಮರ ಒಣ ಮರಕ್ಕೆ ಬಡಿಯುವ ಆ ಸದ್ದು ಕಣ್ಣಿಗೆ ಕಂಡ ಕ್ಷಣದಲ್ಲೇ ಕಿವಿಗೂ ಬಿತ್ತು. ಮಗಳು ನನ್ನ ತೋಳು ಹಿಡಿದುಕೊಂಡಳು. ಆಮೇಲೆ ಒಂದೊಂದೇ ಸದ್ದು ಬೇರೆಯಾಗಿ ಕೇಳತೊಡಗಿತು. ಚೆಂಡನ್ನು ಕೋಲಿನ ನಡುಭಾಗದಿಂದ ಸರಿಯಾಗಿ ಹೊಡೆದರೆ ಒಂದು ಬಗೆ, ಅಂಚಿಗೆ ತಾಗಿದರೆ ಇನ್ನೊಂದು ಬಗೆ. ಗಾಳಿಯಲ್ಲಿ ಬರುವ ಚೆಂಡನ್ನು ಬರಿಗೈಯಲ್ಲಿ ಹಿಡಿದಾಗ ಚರ್ಮಕ್ಕೆ ಚರ್ಮ ತಾಗುವ ಚಟ್ ಎಂಬ ಸದ್ದು. ಆಟಗಾರರು ಪರಸ್ಪರ ಹೆಸರು ಕರೆಯುವುದು, ಏದುಸಿರು, ಒದ್ದೆ ಹುಲ್ಲಿನ ಮೇಲೆ ಬೂಟಿನ ಸದ್ದು. ನಮ್ಮ ಮುಂದೆಯೇ ಚೆಂಡು ಗೆರೆಯಾಚೆ ಹೋಯಿತು. ಆಗ ಅದನ್ನು ನೆಲದಲ್ಲಿಟ್ಟು, ಕೈಯಿಂದ ಎತ್ತದೆ, ಕೋಲಿನಿಂದ ಕೊಯ್ದಂತೆ ಹೊಡೆಯಬೇಕು. ಹೊಡೆಯಲು ಬಂದ ಹುಡುಗ ಎರಡು ಹೆಜ್ಜೆ ಓಡಿ ಬಂದು ಬೀಸಿದ. ಹುಲ್ಲಿನ ಚೂರು ಮತ್ತು ಮಣ್ಣು ಹಾರಿ ನಮ್ಮ ಕಡೆಯ ಗೋಡೆಗೆ ಬಿತ್ತು, ಚೆಂಡು ತಿರುಗುತ್ತಾ ಏರಿ ಕಂಬಗಳ ನಡುವೆ ಇಳಿಯಿತು.

ಪಕ್ಕದಲ್ಲಿ ಕೂತಿದ್ದ ಅಜ್ಜ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಾ ಮಗಳ ಕಡೆ ತಿರುಗಿದರು. “ಚೆಂಡು ನೆಲದ ಮೇಲಿದ್ದಾಗ ಕೋಲು ನೋಡು, ಮೇಲಿದ್ದಾಗ ಕೈ ನೋಡು” ಎಂದರು. ಅದರ ನಂತರ ಅವಳಿಗೆ ಚೆಂಡು ಎಲ್ಲಿದೆ ಎಂಬ ಗೊಂದಲವೇ ಆಗಲಿಲ್ಲ. ನನಗೂ. ಪಂದ್ಯ ಮುಗಿದ ಮೇಲೆ ಮಕ್ಕಳು ತಮ್ಮ ಪುಟ್ಟ ಹರ್ಲಿಗಳೊಂದಿಗೆ ಮೈದಾನಕ್ಕೆ ಇಳಿದರು. ಕೆಸರು ಮೆತ್ತಿದ ಆಟಗಾರರು ನಿಂತು ಕೋಲಿನ ಮೇಲೆ ಸಹಿ ಹಾಕಿ ಕೊಟ್ಟರು. “ಅಪ್ಪ, ನನಗೂ ಒಂದು ಕೋಲು ಬೇಕು” ಎಂದು ಮಗಳು ಕೇಳಿದ್ದು ಮೂರು ಊರುಗಳ ಪೈಕಿ ಇಲ್ಲಿ ಮಾತ್ರ.

ಸದ್ದಿನ ಬಗ್ಗೆ ಇಷ್ಟು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಹರ್ಲಿಯನ್ನು ಆ್ಯಶ್ ಮರದ ಬುಡದಿಂದ ಕೊಯ್ಯುತ್ತಾರೆ. ಬುಡ ಬೇರಾಗಿ ಹರಡುವ ಕಡೆ ಮರದ ಎಳೆಗಳೇ ಬಾಗುತ್ತವೆ, ಕೋಲಿನ ಬಾಗು ಅಲ್ಲಿಂದ ಬರುತ್ತದೆ. 2012ರಲ್ಲಿ ಐರ್ಲೆಂಡಿಗೆ ಒಂದು ಶಿಲೀಂಧ್ರ ರೋಗ ಬಂದು ಈ ಮರಗಳು ಒಣಗುತ್ತಿವೆ. ಬಿದಿರಿನ ಹರ್ಲಿಗಳು, ಪ್ಲಾಸ್ಟಿಕ್ ಬಗೆಯ ಹರ್ಲಿಗಳು ಈಗಾಗಲೇ ಬಂದಿವೆ. ಆಟ ಉಳಿಯುತ್ತದೆ. ಆ್ಯಶ್ ಕೋಲಿನ ಸದ್ದನ್ನು ಹತ್ತಿರದಿಂದ ಕೇಳುವ ಅವಕಾಶ ಇರುವಾಗಲೇ ಕೇಳಿಬಿಡಿ ಎಂದು ನಾನು ಕೈಮುಗಿದು ಹೇಳುತ್ತೇನೆ.

ಪಂದ್ಯವಿಲ್ಲದ ದಿನ ಹೋಗಬಹುದೇ? ನಾನು ಅದನ್ನೂ ಮಾಡಿ ನೋಡಿದ್ದೇನೆ. ಕಿಲ್ಕೆನಿಯಲ್ಲಿ ಪ್ರವಾಸಿಗರಿಗೆ ಹರ್ಲಿಂಗ್ ಪರಿಚಯಿಸುವ ಕಾರ್ಯಕ್ರಮವಿದೆ. ಆಟದ ಕಥೆ ಹೇಳಿ, ಕೋಲು ಕೊಟ್ಟು ಹೊಡೆಯಲು ಕಲಿಸುತ್ತಾರೆ. ಖಾಲಿ ಮೈದಾನ ನನ್ನಲ್ಲಿ ಹೆಚ್ಚೇನೂ ಉಳಿಸಲಿಲ್ಲ, ಆದರೆ ಕೋಲು ಹಿಡಿದದ್ದು ಉಳಿಯಿತು. ಓಡುತ್ತಾ ಕೋಲಿನ ತುದಿಯ ಮೇಲೆ ಚೆಂಡು ನಿಲ್ಲಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಕೈಗೆ ಗೊತ್ತಾದ ಮೇಲೆ ಪಂದ್ಯ ನೋಡುವ ಕಣ್ಣು ಬೇರೆಯಾಗುತ್ತದೆ. ಪಂದ್ಯಕ್ಕೆ ಬದಲಾಗಿ ಬೇಡ, ಪಂದ್ಯಕ್ಕೆ ಮುಂಚೆ ಮಾಡಿ.

ಹೊರಡುವವರಿಗೆ ಕೊನೆಯದಾಗಿ ಕೆಲವು ಮಾತು. ಲೀಗ್ ನಡೆಯುವುದು ಜನವರಿ ಕೊನೆಯಿಂದ ವಸಂತದವರೆಗೆ, ಚಾಂಪಿಯನ್‌ಶಿಪ್ ಏಪ್ರಿಲ್‌ನಿಂದ ಜುಲೈವರೆಗೆ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಕೊಳ್ಳಿ, ಗೇಟಿನಲ್ಲಿ ಸಿಗುತ್ತದೆಂದು ನಂಬಿ ಹೋಗಬೇಡಿ. ನೌಲನ್ ಪಾರ್ಕ್‌ನಲ್ಲಿ ಕೆಳಗಿನ ಸಾಲು ಆರಿಸಿ, ಮಳೆಯಂಗಿಯ ಜೊತೆ ಕೂರಲು ಒಂದು ಪ್ಲಾಸ್ಟಿಕ್ ಹಾಳೆ ಇಟ್ಟುಕೊಳ್ಳಿ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗುವುದೇ ವಾಸಿ. ನಮ್ಮ ಚಪಾತಿ ಸುರುಳಿಯಲ್ಲಿ ಒಂದನ್ನು ಆ ಅಜ್ಜನೂ ತಿಂದರು. ಪಂದ್ಯ ಮುಗಿದ ಮೇಲೆ ಸೇತುವೆ ದಾಟಿ ಕೋಟೆಯ ಕಡೆ ಹೋಗಿ ಬರಲು ರೈಲಿಗೆ ಮುಂಚೆ ಸಾಕಷ್ಟು ಸಮಯ ಉಳಿಯುತ್ತದೆ. ನಾವು ಹೋಗಲಿಲ್ಲ. ಹರ್ಲಿ ಮಾರುವ ಅಂಗಡಿ ಮುಚ್ಚುವ ಮೊದಲು ಅಲ್ಲಿಗೆ ತಲುಪಬೇಕಿತ್ತು.